ಕಂಟ್ರೋಲ್ ಲೈನ್ ಮಾದರಿ ವಿಮಾನ

ಕಂಟ್ರೋಲ್ ಲೈನ್ ವಿಮಾನವು ಎರಡು ತೆಳು ಉಕ್ಕಿನ ತಂತಿಗಳ ಮೂಲಕ ಹಾರಿಸುವವರ ಕೈಯ ಹಿಡಿಕೆಗೆ ಜೋಡಿಸಲ್ಪಟ್ಟು, ಅವರ ಸುತ್ತ ವೃತ್ತಾಕಾರವಾಗಿ ಹಾರುವ ಮಾದರಿ ವಿಮಾನವಾಗಿದೆ. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳಿಗೆ ಪರಿಚಿತ; ಬೆಂಗಳೂರಿನ ಜಕ್ಕೂರಿನಲ್ಲಿ ನಡೆದ ಅಖಿಲ ಭಾರತ ವಾಯು ಸೈನಿಕ ಶಿಬಿರಗಳಲ್ಲಿ ಇದೂ ಒಂದು ಸ್ಪರ್ಧಾ ವಿಭಾಗವಾಗಿತ್ತು.

ಹಿಡಿಕೆಯನ್ನು ಓರೆ ಮಾಡಿದಾಗ ರೆಕ್ಕೆಯೊಳಗಿನ ಬೆಲ್‌ಕ್ರ್ಯಾಂಕ್ ತಿರುಗಿ ಬಾಲದ ಎಲಿವೇಟರನ್ನು ಚಲಿಸುತ್ತದೆ. ಅಂತರರಾಷ್ಟ್ರೀಯ ಎಫ್2ಬಿ ಕಸರತ್ತು ವರ್ಗದಲ್ಲಿ ತಂತಿಯ ಉದ್ದ 15ರಿಂದ 21.5 ಮೀಟರ್.

ತಂತಿಯ ಬಿಗುವು ಸಡಿಲಗೊಂಡರೆ ವಿಮಾನ ಹತೋಟಿ ತಪ್ಪುತ್ತದೆ. ಆದಕಾರಣ ಹೊರರೆಕ್ಕೆಯ ತುದಿಗೆ ಸ್ವಲ್ಪ ತೂಕವನ್ನು ಸೇರಿಸಲಾಗುತ್ತದೆ. ಹಾರಾಟಕ್ಕೆ ಮುನ್ನ ತಂತಿಗಳನ್ನು ಬಲವಾಗಿ ಎಳೆದು ಪರೀಕ್ಷಿಸಲಾಗುತ್ತದೆ. ಅವಸರದಲ್ಲಿ ಬಿಟ್ಟುಬಿಡುವ ಹಂತ ಇದಲ್ಲ. ಚನ್ನರಾಯಪಟ್ಟಣದಂತಹ ತೆಂಗಿನ ಸೀಮೆಯಲ್ಲಿ ಮರಗಳಿಲ್ಲದ ಬಯಲನ್ನು ಹುಡುಕಿದರಷ್ಟೇ ಸಾಲದು, ಮೇಲೆ ಹಾದುಹೋಗುವ ವಿದ್ಯುತ್ ತಂತಿಗಳನ್ನೂ ಗಮನಿಸಬೇಕು. ಅವು ತಗುಲಿದರೆ ವಿದ್ಯುತ್ ನೇರವಾಗಿ ಹಾರಿಸುವವರ ಕೈಗೆ ಹರಿಯುತ್ತದೆ.