ಕಪ್ಪು ಕುದುರೆಯ ಜಾತ್ರೆ

ಜಾತ್ರೆ ಅಂದರೆ ನಮ್ಮ ಕಡೆಯವರಿಗೆ ಒಂದು ದೇವರು ಬೇಕು, ಒಂದು ತೇರು ಬೇಕು, ತೇರು ಎಳೆಯಲಿಕ್ಕೆ ಒಂದು ಬೀದಿ ಬೇಕು. ಮುಂಬಯಿಯ ಫೋರ್ಟಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ದೇವರೂ ಇಲ್ಲ, ತೇರೂ ಇಲ್ಲ. ಇರುವುದು ಬೀದಿ, ಮತ್ತೆ ಒಂದು ಕುದುರೆಯ ಹೆಸರು. ಕಾಲಾ ಘೋಡಾ, ಅಂದರೆ ಕಪ್ಪು ಕುದುರೆ. ಚಳಿಗಾಲ ಮುಗಿಯುವ ಹೊತ್ತಿಗೆ, ಹೆಚ್ಚಾಗಿ ಫೆಬ್ರವರಿಯಲ್ಲಿ, ಈಚೆಗೆ ಜನವರಿಯ ಕೊನೆಯಲ್ಲೂ, ಒಂಬತ್ತು ದಿನ ಇಲ್ಲಿ ಚಿತ್ರ, ಸಂಗೀತ, ನೃತ್ಯ, ನಾಟಕ, ಪುಸ್ತಕ, ಕರಕುಶಲ ವಸ್ತು ಎಲ್ಲಾ ಒಟ್ಟಿಗೆ ಸೇರುತ್ತವೆ. 1998ರಲ್ಲಿ ಈ ವಠಾರದ ಹಳೆಯ ಕಟ್ಟಡಗಳನ್ನು ಉಳಿಸಬೇಕೆಂದು ಕಾಲಾ ಘೋಡಾ ಅಸೋಸಿಯೇಷನ್ ಹುಟ್ಟಿತು. ಮರುವರ್ಷ, 1999ರಲ್ಲಿ, ಮೊದಲ ಉತ್ಸವ ನಡೆಯಿತು. ನೋಡಲು ದುಡ್ಡು ಕೊಡಬೇಕಾಗಿಲ್ಲ. ಇಷ್ಟು ಕೇಳಿದರೆ "ಇದೇನು ಮಹಾ" ಅಂತ ನಿಮಗೆ ಅನಿಸಬಹುದು. ಮಹಾ ಏನು ಎಂಬುದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಫೋರ್ಟ್ ಅಂದರೆ ಕೋಟೆ. ಆದರೆ ಊರಿನಿಂದ ಬಂದ ನೆಂಟರು "ಎಲ್ಲಿ ಮಾರಾಯ ನಿನ್ನ ಕೋಟೆ?" ಎಂದು ಕೇಳಿದರೆ ತೋರಿಸಲಿಕ್ಕೆ ಕೋಟೆ ಇಲ್ಲ. ಒಂದು ಕಾಲದಲ್ಲಿ ಇತ್ತು. 1668ರಲ್ಲಿ ಈ ದ್ವೀಪಗಳು ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂದ ಮೇಲೆ, ಮುಂದಿನ ಶತಮಾನದ ಮೊದಲ ಭಾಗದಲ್ಲಿ ಊರಿನ ಸುತ್ತ ಗೋಡೆ ಎದ್ದಿತು. ಅದಕ್ಕೆ ಮೂರು ಬಾಗಿಲು: ಅಪೋಲೋ ಗೇಟ್, ಚರ್ಚ್ ಗೇಟ್, ಬಜಾರ್ ಗೇಟ್. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೀಯರ್ ಆ ಗೋಡೆಯನ್ನು ಕೆಡವಿಸಿದ. ಬಾಗಿಲು ಹೋಯಿತು, ಹೆಸರು ಉಳಿಯಿತು. ಇವತ್ತಿಗೂ ಲಕ್ಷಾಂತರ ಮಂದಿ ಬೆಳಿಗ್ಗೆ ಲೋಕಲ್ ಗಾಡಿಯಿಂದ ಚರ್ಚ್‌ಗೇಟಿನಲ್ಲಿ ಇಳಿಯುತ್ತಾರೆ. ಗೇಟು ಕಂಡವರು ಯಾರೂ ಇಲ್ಲ. ಜಾತ್ರೆಯ ಮಳಿಗೆಗಳು ಸಾಲಾಗಿ ನಿಲ್ಲುವ ರಸ್ತೆಗೆ ಈಗ ಕೆ. ದುಬಾಷ್ ಮಾರ್ಗ ಎಂದು ಹೆಸರು. ಹಳಬರಿಗೆ ಅದು ರಾಂಪಾರ್ಟ್ ರೋ, ಅಂದರೆ ಕೋಟೆಗೋಡೆಯ ಸಾಲು.

ಗೋಡೆ ಬಿದ್ದ ಹೊತ್ತಿಗೇ ಮುಂಬಯಿಗೆ ದುಡ್ಡು ಹೊಳೆಯಾಗಿ ಹರಿದು ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದೆ ಹೋದಾಗ ಎಲ್ಲರ ಕಣ್ಣು ಮುಂಬಯಿಯ ಹತ್ತಿಯ ಮೇಲೆ ಬಿತ್ತು. ಇಲ್ಲಿ ನಮ್ಮ ಕತೆಯೂ ಬರುತ್ತದೆ ನೋಡಿ. ಧಾರವಾಡ ಸೀಮೆಯಲ್ಲಿ ಬೆಳೆದ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ಹತ್ತಿಯ ಪೇಟೆಯಲ್ಲಿ "ಕುಮಟಾ" ಎಂಬುದು ಊರಿನ ಹೆಸರಷ್ಟೇ ಅಲ್ಲ, ಹತ್ತಿಯ ಒಂದು ಜಾತಿಯ ಹೆಸರೇ ಆಗಿಬಿಟ್ಟಿತ್ತು. "ಧಾರವಾಡ ಅಮೆರಿಕನ್" ಎಂಬ ಇನ್ನೊಂದು ಜಾತಿಯೂ ಹೆಸರುವಾಸಿಯಾಗಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನ ಆಡಳಿತದಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು.

ಹತ್ತಿಯಲ್ಲಿ ಅಪಾರ ಗಳಿಸಿದವರಲ್ಲಿ ಪ್ರೇಮಚಂದ್ ರಾಯ್‌ಚಂದ್ ಒಬ್ಬರು. ಅವರು ಕೊಟ್ಟ ಹಣದಿಂದ ವಿಶ್ವವಿದ್ಯಾಲಯದ ಗಡಿಯಾರ ಗೋಪುರ ಎದ್ದಿತು, 1878ರಲ್ಲಿ ಪೂರ್ತಿಯಾಯಿತು. ತಾಯಿಯ ಹೆಸರಿನಲ್ಲಿ ಅದು ರಾಜಾಬಾಯಿ ಟವರ್, ಎತ್ತರ 280 ಅಡಿ. ಆ ಗೋಪುರದ ಕಲ್ಲಿನಲ್ಲಿ ಧಾರವಾಡದ ಕಪ್ಪು ಮಣ್ಣಿನ ಒಕ್ಕಲಿಗನ ಬೆವರಿನ ಪಾಲೂ ಒಂದಿಷ್ಟು ಇದೆ ಅಂತ ನಾನಂದರೆ ನೀವು ಅತಿಶಯ ಅನ್ನಲಾರಿರಿ ಅಂದುಕೊಂಡಿದ್ದೇನೆ.

ಇನ್ನು ಕುದುರೆ. 1875-76ರಲ್ಲಿ ಆಗಿನ ವೇಲ್ಸ್ ರಾಜಕುಮಾರ, ಮುಂದೆ ಏಳನೇ ಎಡ್ವರ್ಡ್ ಆದವನು, ಭಾರತಕ್ಕೆ ಬಂದ. ಆ ನೆನಪಿಗೆ ಬಗ್ದಾದ್ ಮೂಲದ ಯಹೂದಿ ವ್ಯಾಪಾರಿ ಆಲ್ಬರ್ಟ್ ಸಸೂನ್ ಕುದುರೆಯೇರಿದ ರಾಜಕುಮಾರನ ವಿಗ್ರಹ ಮಾಡಿಸಿ ಊರಿಗೆ ಕೊಟ್ಟ. ಕೆತ್ತಿದವನು ಜೋಸೆಫ್ ಎಡ್ಗರ್ ಬೋಮ್, ನಿಲ್ಲಿಸಿದ್ದು 1879ರಲ್ಲಿ. ಜನ ಒಂದು ತಮಾಷೆ ಮಾಡಿದರು. ಮೇಲೆ ಕೂತ ರಾಜನನ್ನು ಬಿಟ್ಟು ಕೆಳಗಿನ ಕುದುರೆಯ ಬಣ್ಣವನ್ನೇ ಹಿಡಿದು ಜಾಗಕ್ಕೆ ಹೆಸರಿಟ್ಟರು! 1965ರಲ್ಲಿ ವಿಗ್ರಹವನ್ನು ಅಲ್ಲಿಂದ ಕಿತ್ತು ಬೈಕಳಾದ ರಾಣಿಬಾಗಿಗೆ ಸಾಗಿಸಿದರು. ಸವಾರನೂ ಹೋದ, ಕುದುರೆಯೂ ಹೋಯಿತು. ಕಾಲಾ ಘೋಡಾ ಮಾತ್ರ ಅಲ್ಲೇ ನಿಂತಿತು. ಟ್ಯಾಕ್ಸಿಯವನಿಗೂ ಅದೇ, ಟಪಾಲಿನವನಿಗೂ ಅದೇ.

ನಾನು ಮುಲ್ಕಿ ಹತ್ತಿರದ ಹಳ್ಳಿಯಿಂದ 1979ರಲ್ಲಿ ಇಲ್ಲಿಗೆ ಬಂದಾಗ ಕುದುರೆ ಹೋಗಿ 14 ವರ್ಷ ಆಗಿತ್ತು. ನನ್ನ ವಯಸ್ಸೂ ಹೆಚ್ಚುಕಡಿಮೆ ಅಷ್ಟೇ. ಫೋರ್ಟಿನ ಒಂದು ಆಫೀಸು ಕಟ್ಟಡದ ಕ್ಯಾಂಟೀನಿನಲ್ಲಿ ಕೆಲಸ. ಚಹಾದ ಗ್ಲಾಸು ಹಿಡಿದು ಮಹಡಿ ಹತ್ತುವುದು, ಇಳಿಯುವುದು. ಸಂಜೆ ಏಳರ ಮೇಲೆ ಕನ್ನಡ ರಾತ್ರಿಶಾಲೆ. ಹಗಲು ನಗರಪಾಲಿಕೆಯ ಸಣ್ಣ ಮಕ್ಕಳು ಕೂರುವ ಬೆಂಚಿನಲ್ಲಿ ರಾತ್ರಿ ನಾವು ಮೊಣಕಾಲು ಮಡಚಿ ಕೂರುತ್ತಿದ್ದೆವು. ನಿದ್ದೆ ತೂಗುವವರನ್ನು ಮಾಸ್ತರರು ಬೈಯುತ್ತಿರಲಿಲ್ಲ. ಅವರೂ ಹಗಲು ಎಲ್ಲೋ ಗುಮಾಸ್ತರಾಗಿ ದುಡಿದು ಬಂದವರೇ. ಇಂಥ ಶಾಲೆಗಳನ್ನು ಕಟ್ಟಿದ್ದು ಸರಕಾರವಲ್ಲ, ಮೊದಲೇ ಬಂದು ಕಷ್ಟ ಉಂಡ ನಮ್ಮವರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಹೋಟೆಲು ಹುಡುಗರ ಕೈಗೆ ಸ್ಲೇಟು ಕೊಟ್ಟವು. ಆ ಸ್ಲೇಟಿನಿಂದ ಹೊರಟವರಲ್ಲಿ ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು, ಸ್ವಂತ ಹೋಟೆಲು ಇಟ್ಟವರು ಎಷ್ಟೋ ಮಂದಿ. ನಾನು ಗುಮಾಸ್ತನಾದೆ.

ಘಟ್ಟದ ಮೇಲಿನ, ಅದರಲ್ಲೂ ಉತ್ತರ ಕರ್ನಾಟಕದ ಓದುಗರಿಗೆ ಇನ್ನೊಂದು ಮಾತು ನೆನಪು ಮಾಡಬೇಕು. 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದವರಿಗೆ ಈ ಮುಂಬಯಿಯೇ ರಾಜಧಾನಿ. ಧಾರವಾಡದ ಕರ್ನಾಟಕ ಕಾಲೇಜಿನ ಹುಡುಗರಿಗೆ ಡಿಗ್ರಿ ಕೊಡುತ್ತಿದ್ದದ್ದು ರಾಜಾಬಾಯಿ ಟವರಿನ ಕೆಳಗಿನ ಈ ವಿಶ್ವವಿದ್ಯಾಲಯವೇ. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಮೊದಲು ಕಣ್ಣು ಬಿಟ್ಟದ್ದು ಮುಂಬಯಿಯಲ್ಲಿ. ಧಾರವಾಡಕ್ಕೆ ಹೋದದ್ದು ಆಮೇಲೆ. ಹೊಟ್ಟೆಪಾಡಿಗೆ ಬಂದ ಕರಾವಳಿಯವರು, ಕಚೇರಿ ಕಾಗದಕ್ಕೆ ಬಂದ ಬಯಲುಸೀಮೆಯವರು, ಇಬ್ಬರೂ ಒಂದೇ ಫೋರ್ಟಿನ ಫುಟ್‌ಪಾತಿನಲ್ಲಿ ನಡೆದವರು. ಮಂಗಳೂರಿನಿಂದ 1949ರಲ್ಲಿ ಬಂದು ಚೌಪಾಟಿಯ ಬೆಂಚಿನಲ್ಲಿ ಮಲಗಿದ ಜಾರ್ಜ್ ಫರ್ನಾಂಡಿಸ್, 1967ರಲ್ಲಿ ಇದೇ ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಲೋಕಸಭೆಗೆ ಹೋದದ್ದು ಗೊತ್ತೇ ಇದೆ.

ಇಷ್ಟೆಲ್ಲ ಇದ್ದರೂ ಜಾತ್ರೆ ಶುರುವಾದ ಮೇಲೆ 18 ವರ್ಷ ನಾನು ಅದರೊಳಗೆ ಕಾಲಿಡಲಿಲ್ಲ. ಅದರ ಪಕ್ಕದಲ್ಲೇ ದಿನಾ ನಡೆದಿದ್ದೇನೆ. ಸಂಜೆ ಆರಕ್ಕೆ ಆಫೀಸು ಬಿಟ್ಟರೆ ಕಣ್ಣು ಗಡಿಯಾರದ ಮೇಲೆ. ಫಾಸ್ಟ್ ಲೋಕಲ್ ತಪ್ಪಿದರೆ ಮನೆ ಮುಟ್ಟುವಾಗ ಒಂಬತ್ತು. ಅದಲ್ಲದೆ ಒಳಗೊಂದು ಅಳುಕು. ಜಹಾಂಗೀರ್ ಆರ್ಟ್ ಗ್ಯಾಲರಿ 1952ರಿಂದ ಅಲ್ಲಿದೆ, ಮೆಟ್ಟಿಲು ಹತ್ತಲು ಯಾರೂ ಬೇಡ ಅನ್ನುವುದಿಲ್ಲ. ಆದರೂ ಚಹಾ ಕೊಡಲಿಕ್ಕೆ ಹೋದ ಕಟ್ಟಡಗಳಿಗೆ ನೋಡಲಿಕ್ಕೆ ಅಂತ ಹೋಗುವುದು ಕಾಲಿಗೆ ಅಭ್ಯಾಸವಿರಲಿಲ್ಲ. "ಅದೆಲ್ಲ ದೊಡ್ಡವರದ್ದು" ಎಂದು ನಾವು ನಾವೇ ಹೇಳಿಕೊಳ್ಳುತ್ತಿದ್ದೆವು.

2017ರ ಜನವರಿಯಲ್ಲಿ ಅಲ್ಲಿ ಹೊಸ ಕುದುರೆ ಬಂತು. ವಿನ್ಯಾಸ ಆಲ್ಫಾಜ್ ಮಿಲ್ಲರ್ ಅವರದ್ದು, ಶಿಲ್ಪಿ ಶ್ರೀಹರಿ ಭೋಸಲೆ. ಈ ಸಲದ ಕುದುರೆಗೆ ಸವಾರನಿಲ್ಲ. ಆ ಫೆಬ್ರವರಿಯಲ್ಲಿ ಮಗಳು ಹಟ ಹಿಡಿದಳು: "ಅಪ್ಪಾ, ನೀವು ಇಷ್ಟು ವರ್ಷ ಫೋರ್ಟಿನಲ್ಲಿದ್ದೀರಿ, ನನ್ನ ಕಾಲೇಜಿನವರು ಕೇಳಿದ್ರೆ ನಾಚಿಕೆ ಆಗ್ತದೆ." ಹೋದೆವು.

ಏನು ಜನ ಅಂತೀರಿ! ಬಪ್ಪನಾಡು ಜಾತ್ರೆಯ ಗದ್ದೆಯಲ್ಲಿ ನಿಂತ ಹಾಗೆಯೇ ಆಯಿತು. ಮಲ್ಲಿಗೆಯ ಪರಿಮಳ ಒಂದಿಲ್ಲ, ಡೋಲಿನ ಸದ್ದು ಒಂದಿಲ್ಲ. ಹಳೆ ತಗಡು, ಮುರಿದ ಕುರ್ಚಿ, ಬಾಟಲಿಗಳಿಂದ ಮಾಡಿದ ದೊಡ್ಡ ದೊಡ್ಡ ಆಕೃತಿಗಳು, ಅವುಗಳ ಮುಂದೆ ಮೊಬೈಲು ಹಿಡಿದ ಹುಡುಗರ ಸಾಲು. ಮಣ್ಣಿನ ಪಾತ್ರೆ, ಅಚ್ಚೊತ್ತಿದ ಬಟ್ಟೆ, ಕೊಲ್ಹಾಪುರಿ ಚಪ್ಪಲಿ. ಬಪ್ಪನಾಡಿನ ದೇವಿಗೆ ಗುಡಿ ಕಟ್ಟಿಸಿದವನು ಬಪ್ಪ ಎಂಬ ಬ್ಯಾರಿ ಎಂದು ನಮ್ಮೂರಿನ ಐತಿಹ್ಯ. ಇಲ್ಲಿ ನೋಡಿದರೆ ಯಹೂದಿ ಕೊಟ್ಟ ಕುದುರೆ, ಪಾರಸಿಗಳು ಕಟ್ಟಿಸಿದ ಗ್ಯಾಲರಿ, ಜೈನರ ಗೋಪುರ. ವ್ಯಾಪಾರಿಗಳು ಕಟ್ಟಿದ್ದು ಊರಿನದಾಗುವ ಬಗೆ ಎಲ್ಲಾ ಕಡೆ ಒಂದೇ ಕಾಣುತ್ತದೆ.

ಒಂದು ಮಳಿಗೆಯಲ್ಲಿ ಚನ್ನಪಟ್ಟಣದ ಗೊಂಬೆಗಳು. ಹಾಲೆ ಮರ, ಅರಗಿನ ಬಣ್ಣ, ನುಣುಪು ನೋಡಿದರೇ ಗೊತ್ತಾಗುತ್ತದೆ. ನಾನು ಮಗಳ ಹತ್ತಿರ ಕನ್ನಡದಲ್ಲಿ ಬೆಲೆ ಜಾಸ್ತಿಯಾಯಿತೋ ಏನೋ ಅಂದದ್ದು ಮಳಿಗೆಯವನ ಕಿವಿಗೆ ಬಿತ್ತು.

"ಸಾರ್, ಕನ್ನಡದೋರಾ? ಮೊದ್ಲೇ ಹೇಳ್ಬಾರ್ದಾ!"

ಗೊಂಬೆಯ ಬೆಲೆ ಇಳಿಯಿತು, ಮಾತು ಏರಿತು. ಅವನಿಗೆ ಇದು ಮೊದಲ ಮುಂಬಯಿ. ಮೂರು ದಿನದಿಂದ ವಡಾಪಾವ್ ತಿಂದು ಬಾಯಿ ಕೆಟ್ಟಿದೆ, ಅನ್ನ ಸಾರು ಎಲ್ಲಿ ಸಿಗ್ತದೆ ಸಾರ್ ಅಂತ ಕೇಳಿದ. ಮಹೇಶ್ ಲಂಚ್ ಹೋಮಿನ ಮೀನು, ತೃಷ್ಣಾದ ಏಡಿ ಎಂದು ಕರಾವಳಿಯ ರುಚಿಗೆ ಫೋರ್ಟ್ ದೇಶಕ್ಕೇ ಹೆಸರುವಾಸಿ. ಆದರೆ ಅವನಿಗೆ ಬೇಕಾದದ್ದು ಅದಲ್ಲ. ಮಗಳನ್ನು ಮಳಿಗೆಯಲ್ಲಿ ಕೂರಿಸಿ ನಾನು ಅವನನ್ನು ಹಿಂದಿನ ಗಲ್ಲಿಯ ಒಂದು ಪುಟ್ಟ ಖಾನಾವಳಿಗೆ ಕರೆದುಕೊಂಡು ಹೋದೆ. ಅದನ್ನು ನಡೆಸುವವರು ನನ್ನ ಜೊತೆ ರಾತ್ರಿಶಾಲೆಗೆ ಬರುತ್ತಿದ್ದವರು. "ಅಣ್ಣಾ, ಊರಿನವರು ಬಂದಿದ್ದಾರೆ" ಅಂದದ್ದಷ್ಟೇ. ಬಡಿಸಿದ್ದು ಎರಡು ಸಲ, ದುಡ್ಡು ತೆಗೆದುಕೊಂಡದ್ದು ಒಂದು ಸಲವೂ ಇಲ್ಲ.

ವಾಪಸ್ಸು ಬಂದು ಡೇವಿಡ್ ಸಸೂನ್ ಲೈಬ್ರರಿಯ ಹಿತ್ತಲ ತೋಟದಲ್ಲಿ ಕೂತೆವು. ಉತ್ಸವದ ಸಾಹಿತ್ಯ ಗೋಷ್ಠಿಗಳು ಅಲ್ಲೇ ನಡೆಯುವುದು. ಕಟ್ಟಡ 1870ರದ್ದು. ಸಸೂನರ ಹೆಸರು ಇರುವುದರಿಂದ ಸಾಹುಕಾರರ ಕ್ಲಬ್ಬು ಎಂದೇ ನಾವು ತಿಳಿದಿದ್ದದ್ದು. ಅದರ ಚರಿತ್ರೆ ಬೇರೆ. 1847ರಲ್ಲಿ ಟಂಕಸಾಲೆಯ ಮತ್ತು ಸರಕಾರಿ ಹಡಗುಕಟ್ಟೆಯ ಕೆಲವು ಮೆಕ್ಯಾನಿಕ್ಕುಗಳು, ಮೇಸ್ತ್ರಿಗಳು ಸೇರಿ, ಕೆಲಸದ ಆಚೆಗೆ ನಾಲ್ಕು ಅಕ್ಷರ, ನಾಲ್ಕು ವಿದ್ಯೆ ಬೇಕೆಂದು ಒಂದು ಸಂಸ್ಥೆ ಮಾಡಿಕೊಂಡರು. ಈ ಲೈಬ್ರರಿ ಬೆಳೆದದ್ದು ಆ ಬೇರಿನಿಂದ. ಕಟ್ಟಡಕ್ಕೆ ಡೇವಿಡ್ ಸಸೂನ್ 60,000 ರೂಪಾಯಿ ಕೊಟ್ಟರು. ಹಣ ಸಾಹುಕಾರರದ್ದು, ಹಸಿವು ಕೆಲಸಗಾರರದ್ದು.

ಇದನ್ನು ತಿಳಿದ ಮೇಲೆ ನನ್ನ ಅಳುಕು ಹೋಯಿತು ಅನ್ನಬೇಕು. ಕೈಗೆ ಮಸಿ ಹತ್ತಿದವರು ರಾತ್ರಿ ಕೂತು ಓದುವ ಪದ್ಧತಿ ಈ ಬೀದಿಗೆ ನಮ್ಮಿಂದ ಬಂದದ್ದಲ್ಲ, ನಮಗಿಂತ ಮೊದಲೇ ಇತ್ತು. ನಾವು ಅದನ್ನು ಕನ್ನಡದಲ್ಲಿ ಮುಂದುವರಿಸಿದೆವು. ಒಂದು ವ್ಯತ್ಯಾಸ ಇದೆ. ಮೆಕ್ಯಾನಿಕ್ಕುಗಳ ಸಂಸ್ಥೆಗೆ ಕಲ್ಲಿನ ಕಟ್ಟಡ ಸಿಕ್ಕಿತು, 2018ರಲ್ಲಿ ಯುನೆಸ್ಕೋ ಈ ವಠಾರವನ್ನು ವಿಶ್ವ ಪರಂಪರೆಯ ಪಟ್ಟಿಗೂ ಸೇರಿಸಿತು. ನಮ್ಮ ರಾತ್ರಿಶಾಲೆಗಳಿಗೆ ಇದ್ದದ್ದು ಬಾಡಿಗೆಯ ಕೋಣೆ. 2006ರ ಅಕ್ಟೋಬರಿನಿಂದ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವುದು ಕಾನೂನಿಗೆ ವಿರುದ್ಧವಾಯಿತು. ಒಳ್ಳೆಯದೇ ಆಯಿತು, ನಾನಂತೂ ಆ ಬಾಲ್ಯ ಯಾರಿಗೂ ಬೇಡ ಅನ್ನುವವನು. ಊರಿನಲ್ಲೂ ಶಾಲೆಗಳಾದವು, ಹುಡುಗರು ಬರುವುದು ನಿಂತಿತು, ಬೆಂಚುಗಳು ಖಾಲಿಯಾದವು. ಶಾಲೆ ಮುಚ್ಚಿದರೆ ದುಃಖಪಡಬೇಕೋ ಸಂತೋಷಪಡಬೇಕೋ ಎಂಬ ಪ್ರಶ್ನೆ ಇನ್ನೆಲ್ಲಿ ಬರುತ್ತದೆ ಹೇಳಿ? ಮುಚ್ಚಿದ್ದಕ್ಕೆ ನನಗೆ ದುಃಖವಿಲ್ಲ. ಅಲ್ಲಿ ಹಾಗೊಂದು ಶಾಲೆ ಇತ್ತು ಎಂದು ಹೇಳುವ ಒಂದು ಹಲಗೆಯೂ ಇಲ್ಲವಲ್ಲ, ಅದಕ್ಕೆ ಇದೆ. ಉತ್ಸವದ ದಿನಗಳಲ್ಲಿ ಹಳೆ ಕಟ್ಟಡಗಳನ್ನು ತೋರಿಸುತ್ತಾ ನಡೆಸಿಕೊಂಡು ಹೋಗುವ ಕಾರ್ಯಕ್ರಮಗಳಿರುತ್ತವೆ. ಅವು ಬಜಾರ್ ಗೇಟಿನ ಗಲ್ಲಿಗಳ ಮೆಟ್ಟಿಲನ್ನೂ ಒಂದು ದಿನ ಹತ್ತಬೇಕು ಎಂಬುದು ನನ್ನ ಆಸೆ.

ಕೊರೋನಾದಿಂದಾಗಿ 2021 ಮತ್ತು 2022ರಲ್ಲಿ ಬೀದಿಯಲ್ಲಿ ಜಾತ್ರೆ ಸೇರಲಿಲ್ಲ. 2023ರ ಫೆಬ್ರವರಿಯಲ್ಲಿ ಮತ್ತೆ ನೆರೆಯಿತು. ನಾನು ಈಗ ನಿವೃತ್ತ, ಗಡಿಯಾರದ ಹಂಗಿಲ್ಲ, ತಪ್ಪದೆ ಹೋಗುತ್ತೇನೆ. ಊರಿನಿಂದ ಯಾರಾದರೂ ಆ ಹೊತ್ತಿಗೆ ಬಂದರೆ ಅವರಿಗೆ ನನ್ನದೇ ಒಂದು ದಾರಿ ತೋರಿಸುತ್ತೇನೆ. ಚರ್ಚ್‌ಗೇಟಿನಲ್ಲಿ ಇಳಿಯಿರಿ, ಓವಲ್ ಮೈದಾನ ದಾಟಿ ಬನ್ನಿ, ಮೊದಲು ರಾಜಾಬಾಯಿ ಟವರು ನೋಡಿ ಕುಮಟಾದ ಹತ್ತಿಯನ್ನು ನೆನೆಯಿರಿ. ಆಮೇಲೆ ಸವಾರನಿಲ್ಲದ ಕುದುರೆ, ಆಮೇಲೆ ಸಸೂನ್ ಲೈಬ್ರರಿಯ ತೋಟ. ಹಸಿವಾದರೆ ಹಿಂದಿನ ಗಲ್ಲಿಗೆ ತಿರುಗಿ, ಕನ್ನಡದಲ್ಲೋ ತುಳುವಿನಲ್ಲೋ ಗಟ್ಟಿಯಾಗಿ ಒಂದು ಮಾತಾಡಿ. ಯಾವುದಾದರೂ ಗಲ್ಲೆಯ ಹಿಂದಿನಿಂದ ತಲೆಯೊಂದು ಎದ್ದು "ಯಾವೂರು?" ಅಂತ ಕೇಳದಿದ್ದರೆ ಆಮೇಲೆ ನನಗೆ ಹೇಳಿ.