ಸ್ವಾಮಿಯ ಟೋಪಿ, ಸ್ವಾಮಿಯ ಬಾಲ

"ನಮ್ಮ ಕಾಲದಲ್ಲಿ ಹುಡುಗರು ಹೀಗಿರಲಿಲ್ಲಪ್ಪ..." ಅನ್ನೋ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ 'ಸ್ವಾಮಿ ಅಂಡ್ ಫ್ರೆಂಡ್ಸ್' ನೆನಪಾಗುತ್ತೆ. ಮಕ್ಕಳನ್ನ ಕೆಡಿಸಿದ್ದು ಮೊಬೈಲೇ ಅಂತ ತೀರ್ಪು ಕೊಡೋರು ಆ ಪುಸ್ತಕವನ್ನ ಒಮ್ಮೆ ಓದಬೇಕು. ಟೀವಿಯಲ್ಲಿ ನೋಡಿದ್ದು ಸಾಲದು. ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ನನಗೂ ಪ್ರಾಣ, ಆದರೆ ಮಾಸ್ಟರ್ ಮಂಜುನಾಥನ ಮುದ್ದು ಮುಖ ನೋಡ್ತಾ ಇದ್ರೆ ಆ ಹುಡುಗರು ಒಬ್ಬರಿಗೊಬ್ಬರು ಎಷ್ಟು ಕ್ರೂರಿಗಳು ಅನ್ನೋದೇ ಮರೆತುಹೋಗುತ್ತೆ :)

ಆರ್. ಕೆ. ನಾರಾಯಣ್ ಅವರ ಯಾದವಗಿರಿ ಮನೆ 2016ರಲ್ಲಿ ಮ್ಯೂಸಿಯಂ ಆಯ್ತಲ್ಲ, ಅದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಅವರ ಕುಟುಂಬ ಇದ್ದದ್ದು ನಮ್ಮ ಲಕ್ಷ್ಮೀಪುರಂನಲ್ಲಿ. ಅಪ್ಪ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್‌ಮಾಸ್ಟರು. ಮಗ ಮಾತ್ರ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಫೇಲು, ಅದೂ ಇಂಗ್ಲಿಷಿನಲ್ಲಿ! ಆ ವರ್ಷವೆಲ್ಲ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಪುಸ್ತಕ ಹಿಡ್ಕೊಂಡು ಸುತ್ತಿದ್ದೇ ಸುತ್ತಿದ್ದು. ಬಿ.ಎ. ಮುಗಿಸಿದ ಮೇಲೆ ಚನ್ನಪಟ್ಟಣದಲ್ಲಿ ಮೇಷ್ಟ್ರ ಕೆಲಸ ಸಿಕ್ತು, ಕೆಲವೇ ದಿನದಲ್ಲಿ ಬಿಟ್ಟು ಬಂದರು. 1930ರ ವಿಜಯದಶಮಿ ದಿನ ಬೆಂಗಳೂರಿನಲ್ಲಿ ಒಂದು ನೋಟ್‌ಬುಕ್ ಕೊಂಡು ಮಾಲ್ಗುಡಿಯ ಮೊದಲ ಸಾಲು ಬರೆದಾಗ ಅವರಿಗಿನ್ನೂ 24 ತುಂಬಿರಲಿಲ್ಲ. ಇಂಗ್ಲೆಂಡಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ವಾಪಸ್ ಕಳಿಸಿ ಬೇಸರವಾಗಿ, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣನಿಗೆ ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕು ಅಂತ ಬರೆದರಂತೆ. ಆತ ಅದನ್ನ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. 1935ರಲ್ಲಿ ಪುಸ್ತಕ ಬಂತು.

ಈಗ ಕಥೆಯ ಒಳಗೆ ಹೋಗೋಣ. ಕಾದಂಬರಿಯಲ್ಲಿ ಒಂದು ತಾರೀಕು ಬರುತ್ತೆ: 1930ರ ಆಗಸ್ಟ್ 15. ಸ್ವಾತಂತ್ರ್ಯ ಬರೋಕೆ ಸರಿಯಾಗಿ 17 ವರ್ಷ ಮುಂಚೆ! ಬರೆದವರಿಗೆ ಹೇಗೆ ತಾನೇ ಗೊತ್ತಿರಬೇಕು. ಅವತ್ತು ಸರಯೂ ನದಿ ದಡದಲ್ಲಿ ಪ್ರತಿಭಟನೆ ಸಭೆ, ವಿದೇಶಿ ಬಟ್ಟೆಗೆ ಬೆಂಕಿ. ಗುಂಪಿನಲ್ಲಿ ಯಾರೋ ಸ್ವಾಮಿಯ ಟೋಪಿ ನೋಡಿ ಇದು ವಿದೇಶಿಯದಲ್ವಾ ಅಂತಾರೆ. ಹುಡುಗನಿಗೆ ನಾಚಿಕೆ. ಟೋಪಿ ಬೆಂಕಿಗೆ. ಮಾರನೇ ದಿನ ಅದೇ ಆವೇಶದಲ್ಲಿ ಶಾಲೆಯ ಕಿಟಕಿ ಗಾಜು ಪುಡಿಪುಡಿ. ಮನೆಯಲ್ಲಿ ಅಪ್ಪ ಹೇಳ್ತಾರೆ, ಆ ಟೋಪಿ ಖಾದಿಯದೇ ಕಣೋ ಅಂತ!

ನನಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ದೊಡ್ಡ ಜಾಗ ಇಲ್ಲ. ಅವನಿಗೆ ದೇಶಭಕ್ತಿ ಇರಲಿಲ್ಲ ಅಂತಲ್ಲ. ಆದರೆ ಟೋಪಿ ಸುಟ್ಟದ್ದು ದೇಶಭಕ್ತಿಯಲ್ಲ, ಹತ್ತು ಜನ ತನ್ನನ್ನೇ ನೋಡ್ತಿದಾರೆ ಅನ್ನೋ ಸಂಕಟ. ಎಲ್ಲರೂ ಕಳಿಸಿದರು ಅಂತ ಓದದೇನೇ ಫಾರ್ವರ್ಡ್ ಮಾಡೋ ಇವತ್ತಿನ ಹುಡುಗ ಆ ಟೋಪಿಯ ತಮ್ಮ. (ಹುಡುಗರು ಯಾಕೆ, ನಮ್ಮ ಮನೆ ದೊಡ್ಡವರ ಗ್ರೂಪಿನಲ್ಲೂ ದಿನಾ ಎರಡು ಟೋಪಿ ಸುಡುತ್ತೆ.)

ಇನ್ನು ಬಾಲದ ವಿಷಯ. ರಾಜಮ್ ಶಾಲೆಗೆ ಹೊಸದಾಗಿ ಬರ್ತಾನೆ, ಡಿಎಸ್ಪಿ ಮಗ. ಮಣಿಗೂ ಅವನಿಗೂ ಮೊದಲು ದ್ವೇಷ, ನಡುವೆ ಚೀಟಿ ಸಾಗಿಸೋನು ನಮ್ಮ ಸ್ವಾಮಿ. ಆಗಿನ ಮೆಸೆಂಜರ್ ಅನ್ನಿ. ಮೂವರೂ ಗೆಳೆಯರಾಗಿದ್ದೇ ತಡ, ಹಳೇ ಗೆಳೆಯರಾದ ಸೋಮು, ಶಂಕರ್ ಮತ್ತು 'ಬಟಾಣಿ' ಸ್ಯಾಮ್ಯುಯೆಲ್ ಸ್ವಾಮಿಗೆ 'ರಾಜಮ್‌ನ ಬಾಲ' ಅಂತ ಹೆಸರಿಟ್ಟು ಮಾತು ಬಿಡ್ತಾರೆ. ಒಂದು ದಿನ ಕ್ಲಾಸಿಗೆ ಬಂದರೆ ಕರಿಹಲಗೆ ಮೇಲೆ ದೊಡ್ಡ ಅಕ್ಷರದಲ್ಲಿ ಬಾಲ. ಸ್ವಾಮಿ ಓಡಿ ಹೋಗಿ ಕೈಯಿಂದಲೇ ಒರೆಸ್ತಾನೆ, ಆಮೇಲೆ ಬಟಾಣಿಗೂ ಶಂಕರನಿಗೂ ಕೆನ್ನೆಗೆ ಬಾರಿಸ್ತಾನೆ.

ಬಡತನ, ಪರೀಕ್ಷೆ, ಅಪ್ಪನ ಭಯ ಎಲ್ಲಕ್ಕಿಂತ ಆ ವಯಸ್ಸಿಗೆ ದೊಡ್ಡ ಶಿಕ್ಷೆ ಗುಂಪಿಂದ ಹೊರಗೆ ಹಾಕೋದು. ನಾರಾಯಣ್ ಅದಕ್ಕೆ ಕಾರಣ ಗೀರಣ ಕೊಡೋದಿಲ್ಲ, ಆಗಿದ್ದನ್ನ ಹೇಳ್ತಾ ಹೋಗ್ತಾರೆ ಅಷ್ಟೆ.

ನನ್ನ ಅಕ್ಕನ ಮಗನಿಗೆ ಈಗ ಹದಿಮೂರು. ಕಳೆದ ವರ್ಷ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಅವನು ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತಿರೋ ಫೋಟೋದಿಂದ ಯಾರೋ ಸ್ಟಿಕ್ಕರ್ ಮಾಡಿದರು. ಅವನು ಏನು ಬರೆದರೂ ಉತ್ತರಕ್ಕೆ ಅದೇ ಸ್ಟಿಕ್ಕರ್, ಮೂವತ್ತು ಸಲ. ಕೊನೆಗೆ ಗ್ರೂಪಿನಿಂದಲೇ ತೆಗೆದರು. ಎರಡು ವಾರ ಹುಡುಗ ಸರಿಯಾಗಿ ಊಟ ಮಾಡಲಿಲ್ಲ, ಹೊಟ್ಟೆನೋವು ಅಂದ. ಬೇಧಿಗೆ ಔಷಧಿ ಕೊಡಿಸಿದ್ದಾಯ್ತು! ವಿಷಯ ಗೊತ್ತಾದ ಮೇಲೆ ಅಕ್ಕ ಶಾಲೆಗೆ ಹೋಗಿ ಹೇಳಿದಳು, ಅವರು ಗ್ರೂಪ್ ಮುಚ್ಚಿಸಿದರು. ಅದೇ ಸಂಜೆ ಇನ್ನೊಂದು ಶುರುವಾಯ್ತು, ಇವನಿಲ್ಲದೆ.

ಹಾಗಾದ್ರೆ 1930ಕ್ಕೂ ಇವತ್ತಿಗೂ ವ್ಯತ್ಯಾಸವೇ ಇಲ್ವಾ? ಇದೆ. ಮಕ್ಕಳ ಮನಸ್ಸಿನಲ್ಲಲ್ಲ, ಕರಿಹಲಗೆಯಲ್ಲಿ. ಸ್ವಾಮಿಯ ಬಾಲ ಒಂದು ಅಂಗೈಯಷ್ಟು ಕೆಲಸ, ಒರೆಸಿದರೆ ಹೋಯ್ತು. ಸಂಜೆ ಮನೆಗೆ ಬಂದರೆ ಅಜ್ಜಿಯ ಮಡಿಲಲ್ಲಿ ಬಾಲ ಇಲ್ಲ. ದಿನಾ ಡೇಟಾಬೇಸ್ ಜೊತೆ ಕೆಲಸ ಮಾಡೋ ನಾನು ಇಷ್ಟು ಹೇಳಬಲ್ಲೆ: ಮೂವತ್ತು ಫೋನಿಗೆ ಹೋದ ಒಂದು ಚಿತ್ರವನ್ನ ಅಳಿಸೋ ಡಸ್ಟರ್ ಯಾರ ಹತ್ರಾನೂ ಇಲ್ಲ. ಸ್ಟಿಕ್ಕರ್ ಇವನ ಜೊತೆ ಹಾಸಿಗೆವರೆಗೂ ಬರ್ತಿತ್ತು.

ಇನ್ನೊಂದು ಮಾತು. ಕಾದಂಬರಿಯಲ್ಲಿ ಈ ಜಗಳ ಮುಗಿಸಿದ್ದು ಹೆಡ್‌ಮಾಸ್ಟರೂ ಅಲ್ಲ, ಅಪ್ಪನೂ ಅಲ್ಲ. ರಾಜಮ್ ಎಲ್ಲರನ್ನೂ ತನ್ನ ಮನೆಗೆ ಕರೆಸಿ, ದ್ವೇಷ ಸಾಧಿಸೋರಿಗೆ ಏನೇನು ಗತಿ ಆಗುತ್ತೆ ಅಂತ ದೊಡ್ಡ ಭಾಷಣ ಬಿಗಿದು, ಉಡುಗೊರೆ ಕೊಟ್ಟು ರಾಜಿ ಮಾಡಿಸ್ತಾನೆ. ಭಾಷಣ ನಗು ತರಿಸುತ್ತೆ, ಆದರೆ ಕೆಲಸ ಮಾಡುತ್ತೆ. ಮುಂದೆ ಕ್ರಿಕೆಟ್ ಮ್ಯಾಚಿಗೆ ಸ್ವಾಮಿ ಬರಲಿಲ್ಲ ಅಂತ ಮಾತು ಬಿಟ್ಟು, ರೈಲು ಹೊರಡೋವರೆಗೂ ಮುಖ ಕೊಡದೆ ಹೋಗೋನೂ ಇದೇ ರಾಜಮ್ಮೇ.

ಮೊನ್ನೆ ಭಾನುವಾರ ಆ ಸ್ಟಿಕ್ಕರ್ ಗುಂಪಿನ ಒಬ್ಬ ಹುಡುಗ ಸೈಕಲ್ಲಿನಲ್ಲಿ ಅಕ್ಕನ ಮನೆಗೆ ಬಂದು ಗಣಿತದ ನೋಟ್ಸ್ ಕೇಳಿದನಂತೆ. ಇವನು ಕೊಟ್ಟು ಕಳಿಸಿದ. ಅಕ್ಕನಿಗೆ ಈ ಹುಡುಗ ರಾಜಮ್ಮೋ ಬಟಾಣಿಯೋ ಅಂತ ಇನ್ನೂ ಅನುಮಾನ.