ತಾಂತ್ರಿಕ ನಕ್ಷೆಗಾರಿಕೆ: ಕಲಿಯಲು ಬೇಕಾದ ಸಾಮರ್ಥ್ಯ, ಸ್ವಭಾವ

ಕಟ್ಟಡ, ಯಂತ್ರಭಾಗ, ಸೇತುವೆ, ಕೊಳವೆಜಾಲ ಇವುಗಳನ್ನು ತಯಾರಿಸುವವರಿಗೆ ಆಕಾರ, ಅಳತೆ, ಸಾಮಗ್ರಿಯ ವಿವರಗಳನ್ನು ಗೊತ್ತಾದ ಸಂಕೇತಗಳಲ್ಲಿ ಬರೆದುಕೊಡುವ ಕಸುಬು ತಾಂತ್ರಿಕ ನಕ್ಷೆಗಾರಿಕೆ. ಐಟಿಐಗಳಲ್ಲಿ ಇದು ಡ್ರಾಫ್ಟ್ಸ್‌ಮನ್ ಸಿವಿಲ್, ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಎಂಬ ಎರಡು ವರ್ಷದ ಕೋರ್ಸುಗಳಾಗಿ ಸಿಗುತ್ತದೆ. ಗಣಿತ, ವಿಜ್ಞಾನ ಓದಿ ಹತ್ತನೆಯ ತರಗತಿ ಪಾಸಾದವರು ಸೇರಬಹುದು. ಚಿತ್ರ ಚೆನ್ನಾಗಿ ಬರೆಯುವ ಮಕ್ಕಳನ್ನು ಮನೆಯವರು ಇತ್ತ ಕಳಿಸುವುದುಂಟು. ಚಿತ್ರಕಾರನ ಕೈ ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ನಷ್ಟವೇನೂ ಇಲ್ಲ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಇನ್ನೂ ಹುಟ್ಟದ ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ, ಸೀಳಿ ನೋಡುವ ಶಕ್ತಿ. ಸೌತೆಕಾಯಿಯನ್ನು ಅಡ್ಡಕ್ಕೆ ಕೊಯ್ದರೆ ಬಿಲ್ಲೆ ದುಂಡಗೆ ಬರುತ್ತದೆ, ಓರೆಯಾಗಿ ಕೊಯ್ದರೆ ಅಂಡಾಕಾರಕ್ಕೆ ತಿರುಗುತ್ತದೆ. ಚಾಕು ತಾಗಿಸುವ ಮೊದಲೇ ಆ ಆಕಾರ ಕಂಡವರಿಗೆ, ವಸ್ತುವನ್ನು ಸೀಳಿದಂತೆ ತೋರಿಸುವ ಛೇದನೋಟ ಬೇಗ ಒಲಿಯುತ್ತದೆ. ಮನೆಯ ಮೆಟ್ಟಿಲು ಇದಕ್ಕೆ ಒಳ್ಳೆಯ ಪರೀಕ್ಷೆ. ಮಹಡಿಯ ಎತ್ತರ 3,000 ಮಿ.ಮೀ., ಒಂದೊಂದು ಮೆಟ್ಟಿಲು 150 ಮಿ.ಮೀ. ಎಂದಾದರೆ ಒಟ್ಟು 20 ಏರು. ಹತ್ತು ಹತ್ತಿ ತಿರುಗಿ ಮತ್ತೆ ಹತ್ತು. ನಡುವಿನ ಲ್ಯಾಂಡಿಂಗ್ ಕೆಳಗೆ ಬಾಗಿಲಿಟ್ಟರೆ, ಮೇಲಿನಿಂದ ನೋಡಿದಂತೆ ಬರೆಯುವ ಮೇಲುನೋಟದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಛೇದನೋಟ ಬರೆದಾಗ ಲ್ಯಾಂಡಿಂಗ್ ಇರುವುದು 1,500 ಮಿ.ಮೀ. ಎತ್ತರದಲ್ಲಿ, 150 ಮಿ.ಮೀ. ಸ್ಲ್ಯಾಬ್ ಕಳೆದರೆ ಉಳಿಯುವುದು 1,350 ಎಂದು ತಿಳಿಯುತ್ತದೆ. ದೊಡ್ಡವರು ಸೊಂಟ ಬಗ್ಗಿಸಿಯೇ ಒಳಗೆ ಹೋಗಬೇಕು. ಕಾಗದದಲ್ಲಿ ಇದನ್ನು ಕಾಣದಿದ್ದರೆ ಕಾಂಕ್ರೀಟ್ ಹಾಕಿದ ಮೇಲೆ ಕಾಣಬೇಕಾಗುತ್ತದೆ.

ಇಂಥ ನೋಟಗಳ ಜ್ಯಾಮಿತಿಯನ್ನು ಶಾಸ್ತ್ರವಾಗಿ ಕಟ್ಟಿದವರು 18ನೇ ಶತಮಾನದ ಫ್ರೆಂಚ್ ಗಣಿತಜ್ಞ ಗ್ಯಾಸ್ಪಾರ್ ಮೊಂಜ್. ಕೋಟೆಗಳ ವಿನ್ಯಾಸಕ್ಕೆ ಅದು ಎಷ್ಟು ಉಪಯೋಗಕ್ಕೆ ಬಂತೆಂದರೆ ಸೇನೆ ಅದನ್ನು ಬಹುಕಾಲ ಗುಟ್ಟಾಗಿಟ್ಟಿತ್ತು. ಈ ಒಳಗಣ್ಣು ಹುಟ್ಟಿನಿಂದಲೇ ಬರಬೇಕೆಂಬ ನಂಬಿಕೆ ತಪ್ಪು. ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಿಂದ ಶೆರಿಲ್ ಸೋರ್ಬಿ ನಡೆಸಿದ ಪಾಠಗಳು, ಈ ವಿಷಯದಲ್ಲಿ ಹಿಂದುಳಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಅಭ್ಯಾಸದಿಂದ ಸುಧಾರಿಸುತ್ತಾರೆಂದು ತೋರಿಸಿವೆ.

ಗಣಿತ ಭಾರಿಯದೇನೂ ಬೇಡ: ಅನುಪಾತ, ಭಿನ್ನರಾಶಿ, ಜ್ಯಾಮಿತಿ, ಸ್ವಲ್ಪ ತ್ರಿಕೋನಮಿತಿ. ಆದರೆ ಅದು ಬೆರಳ ತುದಿಯಲ್ಲಿರಬೇಕು. ನಮ್ಮಲ್ಲಿ ನಿವೇಶನವನ್ನು ಅಡಿಯಲ್ಲಿ ಹೇಳುತ್ತಾರೆ, ನಕ್ಷೆಯನ್ನು ಮಿಲಿಮೀಟರಿನಲ್ಲಿ ಬರೆಯುತ್ತಾರೆ. 30×40 ಸೈಟು ಎಂದರೆ 9,144 ಗುಣಿಸು 12,192 ಮಿ.ಮೀ.; 1:100 ಪ್ರಮಾಣದಲ್ಲಿ ಅದು ಅಂಗೈಯಗಲದ ಕಾಗದ. 230 ಮಿ.ಮೀ. ಇಟ್ಟಿಗೆ ಗೋಡೆ ಅಲ್ಲಿ ಬರೀ 2.3 ಮಿ.ಮೀ.

ಇನ್ನು ಕರಾರುವಾಕ್ಕುತನ. ಮನೆಯ ಒಟ್ಟು ಅಗಲ 7,500. ಮೂರು ಗೋಡೆಗೆ 690. ಒಂದು ಕೋಣೆ 3,600. ಹಾಗಾದರೆ ಇನ್ನೊಂದು 3,210. ಅಲ್ಲಿ 3,300 ಎಂದು ಬರೆದರೆ ಮೇಸ್ತ್ರಿ ಯಾವ ಅಂಕಿಯನ್ನು ನಂಬಬೇಕು? ಯಂತ್ರಭಾಗಗಳಲ್ಲಿ ಇದು ಇನ್ನೂ ಸೂಕ್ಷ್ಮ. 20 ಮಿ.ಮೀ. ರಂಧ್ರಕ್ಕೆ ‘ಎಚ್7’ ಎಂದು ಬರೆದರೆ ಅದು 20.000ದಿಂದ 20.021 ಮಿ.ಮೀ. ಒಳಗಿರಬೇಕು. ಆ ಎರಡಕ್ಷರ ಬಿಟ್ಟರೆ ಶಾಫ್ಟ್ ಕೂರುವುದೋ ಅಲುಗುವುದೋ ಹೇಳಲಾಗದು. ಅನುಮಾನವಿದ್ದಲ್ಲಿ ಊಹಿಸಿ ಅಂಕಿ ತುಂಬದೆ ಎದ್ದುಹೋಗಿ ಕೇಳುವ ಪ್ರಾಮಾಣಿಕತೆಯನ್ನು ನಾನು ಕೈಚಳಕಕ್ಕಿಂತ ಮೇಲೆ ಇಡುತ್ತೇನೆ.

ನಿಯಮಕ್ಕೆ ಒಗ್ಗುವ ಮನಸ್ಸೂ ಬೇಕು. ಭಾರತೀಯ ಮಾನಕ ಬ್ಯೂರೋದ ಎಸ್‌ಪಿ 46 ಕೈಪಿಡಿ ಅನುಸರಿಸುವ ಪ್ರಥಮ ಕೋನ ಪ್ರಕ್ಷೇಪದಲ್ಲಿ ಮೇಲುನೋಟವನ್ನು ಎದುರುನೋಟದ ಕೆಳಗೆ ಬರೆಯುತ್ತಾರೆ. ಅಮೆರಿಕನ್ ನಕ್ಷೆಗಳಲ್ಲಿ ಅದು ಮೇಲೆ ಬರುತ್ತದೆ. ಹೊರದೇಶದ ಕೆಲಸವೂ ಬರುವ ಬೆಂಗಳೂರಿನಂಥ ಊರಿನಲ್ಲಿ ಎರಡನ್ನೂ ಓದಲು ಬರಬೇಕು.

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್ 1982ರಲ್ಲಿ ಬಂದ ಮೇಲೆ ಟಿ-ಸ್ಕ್ವೇರ್, ಡ್ರಾಯಿಂಗ್ ಬೋರ್ಡು ಮೂಲೆ ಸೇರಿದವು. ಗೆರೆ ಈಗ ತಾನಾಗಿಯೇ ನೇರ ಬರುತ್ತದೆ; ಎಲ್ಲಿ ಎಳೆಯಬೇಕೆಂಬುದನ್ನು ಮಾತ್ರ ಕಲಿತವರೇ ಹೇಳಬೇಕು. ಗಂಟೆಗಟ್ಟಲೆ ಕೂತು ಕೆಲಸ ಮಾಡುವ ತಾಳ್ಮೆ, ಎಂಜಿನಿಯರ್ ಕೆಂಪು ಶಾಯಿಯಲ್ಲಿ ತಿದ್ದಿದ್ದನ್ನು ಬೇಸರಿಸದೆ ಮತ್ತೆ ಬರೆಯುವ ಗುಣ ಅಂದಿನಂತೆ ಇಂದೂ ಬೇಕು.

ಸೇರುವ ಯೋಚನೆಯಿದ್ದರೆ ಇಂದೇ ಒಂದು ಟೇಪು ಹಿಡಿದು ನಿಮ್ಮ ಅಡುಗೆಮನೆಯನ್ನು ಅಳೆಯಿರಿ. 1:50 ಪ್ರಮಾಣದಲ್ಲಿ ಮೇಲುನೋಟ, ಛೇದನೋಟ ಎರಡನ್ನೂ ಬರೆದು, ಆ ಮನೆಯನ್ನು ಎಂದೂ ನೋಡದವರ ಕೈಗೆ ಕೊಟ್ಟು, ಕಟ್ಟೆಯ ಎತ್ತರ ಎಷ್ಟು, ಕಿಟಕಿ ಎಲ್ಲಿದೆ ಎಂದು ಕೇಳಿ ನೋಡಿ.